ಸಹಾಯ ಬೇಕು: ಪ್ರೊಪೆಲ್ಲರ್ ಪಿಚ್ ಎಷ್ಟು ಕಡಿಮೆ ಮಾಡಲಿ?

ಎಲ್ಲರಿಗೂ ನಮಸ್ಕಾರ. ಟೆಕ್ಸಾಸ್‌ನಲ್ಲಿದ್ದೇನೆ. ನಾಲ್ಕು ವರ್ಷ ಗ್ಯಾರೇಜಿನಲ್ಲೇ ಕೂತು ಕಟ್ಟಿದ ಪುಟ್ಟ ವಿಮಾನ ಜೆನಿತ್ ಸಿಎಚ್ 750 ಈಗ ಹಾರುತ್ತಿದೆ. ಆದರೆ ಏರುವಾಗ ಯಾಕೋ ಸುಸ್ತಾದ ಹಾಗಿದೆ.

ನನ್ನದು ರೋಟ್ಯಾಕ್ಸ್ 912 ಯುಎಲ್ಎಸ್ ಎಂಜಿನ್, 100 ಕುದುರೆಶಕ್ತಿ. 68 ಇಂಚಿನ ಮೂರು ರೆಕ್ಕೆಯ ಪ್ರೊಪೆಲ್ಲರ್, ಅದರ ಪಿಚ್ (ರೆಕ್ಕೆಗಳು ಓರೆಯಾಗಿರುವ ಕೋನ) ನೆಲದ ಮೇಲೆ ಮಾತ್ರ ಬದಲಾಯಿಸಬಹುದು. ಗೆಳೆಯನ ಇಂಥದ್ದೇ ವಿಮಾನಕ್ಕೆ ಜಬಿರು 3300 ಎಂಜಿನ್ ಇದೆ. ಅದು 120 ಕುದುರೆಶಕ್ತಿ ನಿಜ, ಆದರೆ ಗೇರ್ ಇಲ್ಲ. ಆ ಶಕ್ತಿ ಸಿಗಬೇಕಾದರೆ ಪ್ರೊಪೆಲ್ಲರ್ ಕೂಡ ಎಂಜಿನ್ ಜೊತೆಗೇ ನಿಮಿಷಕ್ಕೆ 3300 ಸುತ್ತು ತಿರುಗಬೇಕು, ಅದಕ್ಕೇ 60 ಇಂಚಿನ ಚಿಕ್ಕದು ಹಾಕಿದ್ದಾನೆ. ನನ್ನದರಲ್ಲಿ ವೇಗವನ್ನು 2.43 ಪಟ್ಟು ತಗ್ಗಿಸುವ ಗೇರ್ ಇದೆ. ಎಂಜಿನ್ 5500 ತಿರುಗಿದರೂ ಪ್ರೊಪೆಲ್ಲರ್ ಸುಮಾರು 2260 ಅಷ್ಟೇ. ನಿಧಾನವಾಗಿ ತಿರುಗುವ ದೊಡ್ಡ ಪ್ರೊಪೆಲ್ಲರ್ ಕಡಿಮೆ ವೇಗದಲ್ಲಿ ಜಾಸ್ತಿ ಎಳೆಯಬೇಕು ಅಲ್ವಾ? ಆದರೂ ಅವನು ನಿಮಿಷಕ್ಕೆ 1000 ಅಡಿ ಏರುತ್ತಾನೆ, ನಾನು 750.

ನನ್ನ ಅನುಮಾನ ಪಿಚ್ ಮೇಲೆ. ಅದು ಜಾಸ್ತಿಯಾದರೆ ಎಂಜಿನ್‌ಗೆ ಭಾರವಾಗಿ ಪೂರ್ತಿ ವೇಗದಲ್ಲಿ ತಿರುಗುವುದಿಲ್ಲ. ನೇರ ಹಾರಾಟದಲ್ಲಿ ಥ್ರಾಟಲ್ ಪೂರ್ತಿ ತೆರೆದರೂ ಎಂಜಿನ್ 5250 ಸುತ್ತು ದಾಟುವುದಿಲ್ಲ. ಅಂದರೆ 5800ರಲ್ಲಿ ಸಿಗುವ ಆ 100 ಕುದುರೆಶಕ್ತಿ ನನಗೆ ಸಿಗುತ್ತಲೇ ಇಲ್ಲ. ನಿನ್ನೆ ಪ್ರತಿ ರೆಕ್ಕೆಗೂ ಕೋನಮಾಪಕ ಇಟ್ಟು ನೋಡಿದೆ. ಒಂದು ರೆಕ್ಕೆ ಉಳಿದೆರಡಕ್ಕಿಂತ ಅರ್ಧ ಡಿಗ್ರಿ ಜಾಸ್ತಿ ತಿರುಗಿತ್ತು! ಅದನ್ನು ಸರಿ ಮಾಡಿದ್ದೇನೆ, ಇನ್ನೂ ಹಾರಿಸಿಲ್ಲ.

ಪಿಚ್ ಒಂದು ಡಿಗ್ರಿ ಇಳಿಸಿದರೆ ನಿಮಗೆ ಎಷ್ಟು ಆರ್‌ಪಿಎಂ (ನಿಮಿಷಕ್ಕೆ ಸುತ್ತು) ಏರಿತು? ಇಬ್ಬರೂ ಒಂದೇ ಬೆಳಿಗ್ಗೆ, ಒಂದೇ ತೂಕದಲ್ಲಿ ಹಾರಿ ಹೋಲಿಸಿದರೆ ಸಾಕಾ? ಈ ಸುತ್ತು ತೋರಿಸುವ ಟ್ಯಾಕೋಮೀಟರ್ ಸರಿ ಇದೆಯೇ ಅಂತ ಮೊದಲು ಹೇಗೆ ನೋಡಿಕೊಂಡಿರಿ? ಶನಿವಾರ ಹಾರಿಸಬೇಕು, ಅಷ್ಟರೊಳಗೆ ಯಾರಾದರೂ ತಿಳಿಸಿ.