ಎಫ್‌ಎಎಸ್‌ಡಿ ಇರುವ ವಯಸ್ಕ ತಮ್ಮನ ಹಣ ಮತ್ತು ಅವನ ಸ್ವಾತಂತ್ರ್ಯ

ಪ್ರಶ್ನೆ:
ನನ್ನ ತಮ್ಮನಿಗೆ 26 ವರ್ಷ. ತಾಯಿಯ ಗರ್ಭದಲ್ಲಿದ್ದಾಗ ಮದ್ಯದಿಂದ ಮಿದುಳಿಗಾದ ಹಾನಿ, ಅಂದರೆ ಫೀಟಲ್ ಆಲ್ಕೋಹಾಲ್ ಸ್ಪೆಕ್ಟ್ರಮ್ ಡಿಸಾರ್ಡರ್ (ಎಫ್‌ಎಎಸ್‌ಡಿ), ಅವನಿಗಿದೆಯೆಂದು ವೈದ್ಯರು ಖಚಿತಪಡಿಸಿದ್ದಾರೆ. ಮಾತಿನಲ್ಲಿ ಚುರುಕಾಗಿದ್ದು, ಐಕ್ಯೂ 70ಕ್ಕಿಂತ ಹೆಚ್ಚಿರುವುದರಿಂದ, ಬೌದ್ಧಿಕ ಅಂಗವೈಕಲ್ಯದ ನೆರವಿಗೆ ಅರ್ಹನಲ್ಲವೆಂದು ಹೇಳಿ ಕಳುಹಿಸುತ್ತಾರೆ. ಆದರೆ ಸಂಬಳ ಕೈಗೆ ಬಂದಷ್ಟೇ ಬೇಗ ಖಾಲಿಯಾಗುತ್ತದೆ. ಯಾರು ಸಾಲ ಕೇಳಿದರೂ ಕೊಡುತ್ತಾನೆ. ವಿಚಾರಿಸಿದರೆ ನಡೆಯದ್ದನ್ನು ನಡೆದಂತೆ ವಿವರಿಸುತ್ತಾನೆ. ಹಣವನ್ನೆಲ್ಲ ನಾನೇ ಇಟ್ಟುಕೊಂಡರೆ ಅವನ ಸ್ವಾತಂತ್ರ್ಯವನ್ನು ಕಸಿದುಕೊಂಡಂತಾಗುವುದಿಲ್ಲವೇ?

ಉತ್ತರ 1 (ಸಮಾಜಕಾರ್ಯಕರ್ತೆ):
ಐಕ್ಯೂ ಒಂದನ್ನೇ ನೋಡಿದರೆ ಈ ಸ್ಥಿತಿ ಕಾಣುವುದಿಲ್ಲ. ಯೋಜಿಸುವುದು, ತಡೆದುಕೊಳ್ಳುವುದು, ನಿನ್ನೆಯ ಅನುಭವವನ್ನು ಇಂದಿನ ಸಂದರ್ಭಕ್ಕೆ ಅನ್ವಯಿಸುವುದು ಇವರಿಗೆ ಕಷ್ಟವಾಗುವುದರಿಂದ, ದೈನಂದಿನ ಹೊಂದಾಣಿಕೆಯ ಸಾಮರ್ಥ್ಯವನ್ನು ಪ್ರತ್ಯೇಕವಾಗಿ ಅಳೆಯುವ ಪರೀಕ್ಷೆ ಮಾಡಿಸಿ, ಆ ವರದಿಯೊಂದಿಗೆ ಮತ್ತೆ ಅರ್ಜಿ ಸಲ್ಲಿಸಿ. ನಡೆಯದ್ದನ್ನು ಹೇಳುವುದೂ ಬಹಳಷ್ಟು ಸಲ ಬೇಕೆಂದೇ ಆಡಿದ ಸುಳ್ಳಲ್ಲ. ನೆನಪಿನಲ್ಲಿರುವ ಖಾಲಿ ಜಾಗವನ್ನು ಮಿದುಳು ತಾನೇ ತುಂಬಿಕೊಳ್ಳುತ್ತದೆ. ಹಾಗಾಗಿ ವಿಚಾರಣೆಯ ಧಾಟಿಯಲ್ಲಿ ಪ್ರಶ್ನೆಗಳನ್ನು ಕೇಳುತ್ತ ಹೋದಷ್ಟೂ ಕಥೆ ಬೆಳೆಯುತ್ತದೆ.

ಹಣದ ವಿಷಯದಲ್ಲಿ, ಬಾಡಿಗೆ ಮತ್ತು ವಿದ್ಯುತ್ ಬಿಲ್ಲು ಸಂಬಳ ಬಂದ ದಿನವೇ ಖಾತೆಯಿಂದ ತಾನಾಗಿ ಕಡಿತವಾಗಲಿ, ಉಳಿದದ್ದು ವಾರಕ್ಕಿಷ್ಟೆಂದು ಬೇರೊಂದು ಖಾತೆಗೆ ಹೋಗಲಿ. ಈ ಏರ್ಪಾಡನ್ನು ಅವನು ಶಾಂತವಾಗಿರುವಾಗ, ಅವನ ಒಪ್ಪಿಗೆಯಿಂದಲೇ ಮಾಡಿಕೊಂಡರೆ ಅದು ಕಸಿದುಕೊಳ್ಳುವುದಲ್ಲ.

ಉತ್ತರ 2 (ಎಫ್‌ಎಎಸ್‌ಡಿ ಇರುವ ವ್ಯಕ್ತಿ):
"ಅರ್ಥವಾಯಿತೇ?" ಎಂದು ಕೇಳಬೇಡಿ, ನಾವು ಹೌದೆಂದೇ ಹೇಳುತ್ತೇವೆ. "ಈಗ ಏನು ಮಾಡುತ್ತೀಯ, ಹೇಳು" ಎನ್ನಿ. ನನ್ನ ಬಾಗಿಲಿನ ಒಳಬದಿಯಲ್ಲಿ ಬೀಗದ ಕೈ, ಪರ್ಸು, ಮಾತ್ರೆಗಳ ಚಿತ್ರಗಳನ್ನು ಅಂಟಿಸಿದ್ದೇನೆ. ಸಾಲ ಕೇಳುವವರಿಗೆ "ಅಕ್ಕನನ್ನು ಕೇಳಿ ಹೇಳುತ್ತೇನೆ" ಎಂಬ ಒಂದೇ ವಾಕ್ಯವನ್ನು ಬಾಯಿಪಾಠ ಮಾಡಿಕೊಂಡಿದ್ದೇನೆ. ನಾಚಿಕೆಯಿಲ್ಲ, ಜೇಬು ಉಳಿದಿದೆ.

ಉತ್ತರ 3 (ಮಗನನ್ನು ನೋಡಿಕೊಳ್ಳುವ ತಂದೆ):
ನಿಮ್ಮ ಬಗ್ಗೆ ನೀವೇನೂ ಬರೆದಿಲ್ಲ. ಈ ಆಸರೆ ಜೀವನವಿಡೀ ಬೇಕಾಗುವಂಥದ್ದು. ಆದ್ದರಿಂದ ಅವನು ನಂಬುವ ಇನ್ನೊಬ್ಬರನ್ನು ಈಗಿನಿಂದಲೇ ಜೊತೆಗೆ ಸೇರಿಸಿಕೊಂಡು, ವಾರದಲ್ಲಿ ಒಂದು ಸಂಜೆಯನ್ನು ಪೂರ್ತಿಯಾಗಿ ಅವರಿಗೆ ಬಿಟ್ಟುಕೊಡಿ. ಇನ್ನೊಂದು ಮಾತು: ಒತ್ತಡದಲ್ಲಿ ಇವರು ಮಾಡದ ತಪ್ಪನ್ನೂ ಒಪ್ಪಿಕೊಳ್ಳಬಹುದು. ಅವನ ಸ್ಥಿತಿಯನ್ನು ವಿವರಿಸುವ, ನಿಮ್ಮ ಫೋನ್ ಸಂಖ್ಯೆಯಿರುವ ಚೀಟಿ ಅವನ ಪರ್ಸಿನಲ್ಲಿ ಸದಾ ಇರಲಿ. ಪೊಲೀಸರು ಪ್ರಶ್ನಿಸಿದರೆ ಮೊದಲು ಅದನ್ನು ತೋರಿಸಬೇಕೆಂದು ಅವನಿಗೆ ಆಗಾಗ ಅಭ್ಯಾಸ ಮಾಡಿಸಿ.