ಭೂಮಿ ‘ವಾಲುತ್ತದೆ’ಯೋ, ‘ಓರೆಯಾಗಿದೆ’ಯೋ? ಜೊತೆಗೆ ಅಯನ, ಸಂಕ್ರಾಂತಿ

ಪ್ರಶ್ನೆ: ‘ಜೂನ್‌ನಲ್ಲಿ ಭೂಮಿಯ ಉತ್ತರ ತುದಿ ಸೂರ್ಯನ ಕಡೆಗೆ ವಾಲುತ್ತದೆ, ಡಿಸೆಂಬರ್‌ನಲ್ಲಿ ಆಚೆಗೆ ವಾಲುತ್ತದೆ’ ಎಂಬ ವಾಕ್ಯ ಮಕ್ಕಳ ವಿಜ್ಞಾನ ಪಾಠದಲ್ಲಿ ಇರಬಹುದೇ? ವಾಲು, ಬಾಗು, ಓರೆ, ಇವುಗಳಲ್ಲಿ ಯಾವುದು ಸರಿ? ಡಿಸೆಂಬರ್ 22ನ್ನು ‘ಮಕರ ಸಂಕ್ರಾಂತಿ’ ಎಂದು ಬರೆದರೆ ತಪ್ಪಾಗುತ್ತದೆಯೇ?

ಉತ್ತರ: ಮೊದಲು ‘ಬಾಗು’ ಬಿಟ್ಟುಬಿಡಿ. ಬಿಲ್ಲು ಬಾಗುತ್ತದೆ, ತೆನೆ ಬಾಗುತ್ತದೆ. ಅಂದರೆ ವಸ್ತುವೇ ಡೊಂಕಾಗುತ್ತದೆ. ಭೂಮಿ ಯಾವುದರ ಸುತ್ತ ತಿರುಗುತ್ತದೆಯೋ ಆ ಅಕ್ಷ ಊಹೆಯ ನೆಟ್ಟನೆಯ ಗೆರೆ, ಅದು ಎಲ್ಲೂ ಡೊಂಕಾಗುವುದಿಲ್ಲ.

‘ವಾಲು’ ಪದದಲ್ಲಿ ದೋಷವಿಲ್ಲ, ದೋಷವಿರುವುದು ‘ವಾಲುತ್ತದೆ’ ಎಂಬ ರೂಪದಲ್ಲಿ. ಹೊಳೆಯ ದಂಡೆಯ ತೆಂಗಿನ ಮರ ನೀರಿನ ಕಡೆಗೆ ‘ವಾಲಿದೆ’ ಎಂದರೆ ಅದು ಇರುವ ಸ್ಥಿತಿ. ‘ವಾಲುತ್ತದೆ’ ಎಂದರೆ ಈಗ ನೆಟ್ಟಗಿದ್ದದ್ದು ಆಮೇಲೆ ಪಕ್ಕಕ್ಕೆ ಹೋಗುವ ಕ್ರಿಯೆ. ಆ ವಾಕ್ಯ ಓದಿದ ಮಗು, ಭೂಮಿ ಆರು ತಿಂಗಳಿಗೊಮ್ಮೆ ಆಚೆ ಈಚೆ ತಲೆ ಆಡಿಸುತ್ತದೆ ಎಂದೇ ತಿಳಿಯುತ್ತದೆ. ನಡೆಯುವುದು ಹಾಗಲ್ಲ. ಅಕ್ಷದ ಉತ್ತರ ತುದಿ ವರ್ಷವಿಡೀ ಧ್ರುವ ನಕ್ಷತ್ರದ ಕಡೆಗೇ ಇರುತ್ತದೆ. ಬೆಂಗಳೂರಿನಲ್ಲಿ ಆ ನಕ್ಷತ್ರ ಉತ್ತರದ ಬಾನಂಚಿನಿಂದ ಸುಮಾರು 13 ಡಿಗ್ರಿ ಮೇಲಿದೆ. ಡಿಸೆಂಬರ್‌ನಲ್ಲಿ ನೋಡಿದರೂ ಅಲ್ಲೇ, ಮೇ ತಿಂಗಳಲ್ಲಿ ನೋಡಿದರೂ ಅಲ್ಲೇ. ಭೂಮಿ ತಲೆ ಆಡಿಸುತ್ತಿದ್ದರೆ ಅದೂ ಮೇಲೆ ಕೆಳಗೆ ಆಗಬೇಕಿತ್ತು.

ಹಾಗಾಗಿ ವಾಕ್ಯವನ್ನು ಹೀಗೆ ತಿದ್ದಬಹುದು: ‘ಭೂಮಿಯ ಅಕ್ಷ ವರ್ಷವಿಡೀ ಒಂದೇ ದಿಕ್ಕಿಗೆ ಓರೆಯಾಗಿದೆ. ಭೂಮಿ ಸೂರ್ಯನನ್ನು ಸುತ್ತುವಾಗ ಜೂನ್‌ನಲ್ಲಿ ಅಕ್ಷದ ಉತ್ತರ ತುದಿ ಸೂರ್ಯನ ಕಡೆಗೆ ಬಂದಿರುತ್ತದೆ, ಡಿಸೆಂಬರ್‌ನಲ್ಲಿ ಸೂರ್ಯನಿಂದ ಆಚೆಗಿರುತ್ತದೆ.’ ನಾಮಪದ ಬೇಕಾದರೆ ‘ಅಕ್ಷದ ಓರೆ’ ಸಾಕು. ಅದರ ಅಳತೆ ಸುಮಾರು 23.4 ಡಿಗ್ರಿ, ಪಾಠಗಳಲ್ಲಿ 23½. ಯಾವುದರಿಂದ 23½ ಎಂಬುದನ್ನೂ ಬರೆಯಲೇಬೇಕು: ಕಕ್ಷೆಯ ತಳಕ್ಕೆ, ಅಂದರೆ ಭೂಮಿ ಸೂರ್ಯನನ್ನು ಸುತ್ತುವ ದಾರಿ ಇರುವ ಸಮತಲಕ್ಕೆ, ಎಳೆದ ಲಂಬದಿಂದ. ಕಕ್ಷೆಯ ತಳದಿಂದಲೇ ಅಳೆದರೆ ಅದು 66½. ಎಷ್ಟೋ ಚಿತ್ರಗಳಲ್ಲಿ ಈ ಎರಡು ಅಂಕಿಗಳು ಅದಲುಬದಲಾಗಿ ಅಕ್ಷ ಮಲಗಿದಂತೆ ಕಾಣುತ್ತದೆ.

ತರಗತಿಯಲ್ಲಿ ತೋರಿಸುವುದಾದರೆ ಕಿತ್ತಳೆ ಹಣ್ಣಿಗೆ ಹೆಣಿಗೆ ಕಡ್ಡಿ ಚುಚ್ಚಿ, ನಡುವೆ ಮೇಜಿನ ಮೇಲೆ ಬಲ್ಬು ಹೊತ್ತಿಸಿ. ಕಡ್ಡಿಯನ್ನು ಓರೆಯಾಗಿ ಹಿಡಿದು, ಅದರ ಮೇಲಿನ ತುದಿ ಒಂದು ಕಿಟಕಿಯ ಕಡೆಗೇ ಇರುವಂತೆ ಬಲ್ಬಿನ ಸುತ್ತ ನಡೆಯಬೇಕು. ಇಲ್ಲಿ ಆಗುವ ತಪ್ಪು ಒಂದೇ: ನಡೆಯುವವರು ತಮಗರಿವಿಲ್ಲದೆ ಮೈಯ ಜೊತೆಗೆ ಕಡ್ಡಿಯನ್ನೂ ತಿರುಗಿಸುತ್ತಾರೆ. ಆಗ ತುದಿ ಸದಾ ಬಲ್ಬಿನ ಕಡೆಗೇ ಉಳಿದು, ಋತುವೇ ಬದಲಾಗುವುದಿಲ್ಲ.

ಇನ್ನು ಸಂಕ್ರಾಂತಿ. ‘ಅಯನ’ ಎಂದರೆ ನಡೆ, ಹೋಗುವುದು. ‘ಸಂಕ್ರಾಂತಿ’ ಎಂದರೆ ದಾಟುವುದು. ದಕ್ಷಿಣಕ್ಕೆ ಸರಿಯುತ್ತಿದ್ದ ಸೂರ್ಯ ಉತ್ತರಕ್ಕೆ ತಿರುಗುವುದು ಡಿಸೆಂಬರ್ 21 ಅಥವಾ 22ಕ್ಕೆ. ಸೂರ್ಯ ಮಕರ ರಾಶಿಗೆ ದಾಟುವುದನ್ನು ನಮ್ಮ ಪಂಚಾಂಗ ನಕ್ಷತ್ರಗಳ ಲೆಕ್ಕದಲ್ಲಿ ಹಿಡಿಯುವುದರಿಂದ ಅದು ಜನವರಿ 14 ಅಥವಾ 15ಕ್ಕೆ ಬರುತ್ತದೆ. ಸುಮಾರು 1700 ವರ್ಷಗಳ ಹಿಂದೆ ಇವೆರಡೂ ಒಂದೇ ಹೊತ್ತಿಗೆ ಬೀಳುತ್ತಿದ್ದವು. ಆಮೇಲೆ ಬೇರೆಯಾದದ್ದೇಕೆ? ಮೇಲೆ ‘ಒಂದೇ ದಿಕ್ಕಿಗೆ’ ಎಂದದ್ದು ಒಂದು ವರ್ಷದ, ಒಂದು ಆಯುಷ್ಯದ ಲೆಕ್ಕಕ್ಕೆ ಸರಿ. ವೇಗ ತಗ್ಗಿದ ಬುಗುರಿಯ ತಲೆ ಸುತ್ತು ಹಾಕುವಂತೆ ಭೂಮಿಯ ಅಕ್ಷವೂ, ಓರೆ ಹೆಚ್ಚುಕಡಿಮೆ ಅಷ್ಟೇ ಇದ್ದು, ಸುಮಾರು 26,000 ವರ್ಷಕ್ಕೆ ಒಂದು ಸುತ್ತು ಹಾಕುತ್ತದೆ. ಇದಕ್ಕೆ ‘ಅಯನ ಚಲನೆ’ ಎಂಬ ಒಳ್ಳೆಯ ಹೆಸರು ಮೊದಲೇ ಇದೆ. ಇದರಿಂದ ಅಯನಕ್ಕೂ ಸಂಕ್ರಾಂತಿಗೂ ಸುಮಾರು 72 ವರ್ಷಕ್ಕೆ ಒಂದು ದಿನದ ಅಂತರ ಬೀಳುತ್ತದೆ. ತುಳುವರ ಬಿಸು, ಮಲಯಾಳಿಗಳ ವಿಷು ಕೂಡ ಹೀಗೆಯೇ: ಹೆಸರಿನಲ್ಲಿರುವುದು ಹಗಲು ರಾತ್ರಿ ಸಮವಾಗುವ ವಿಷುವ, ಹಬ್ಬ ಬರುವುದು ಏಪ್ರಿಲ್ ನಡುವಿಗೆ, ನಿಜವಾದ ವಿಷುವ ಮಾರ್ಚ್ 20ರ ಆಸುಪಾಸು. ಆದ್ದರಿಂದ ಡಿಸೆಂಬರ್ 22ಕ್ಕೆ ‘ಉತ್ತರಾಯಣದ ಆರಂಭ’ ಎನ್ನಿ, ‘ಮಕರ ಸಂಕ್ರಾಂತಿ’ ಬೇಡ. ಹಬ್ಬದ ಹೆಸರು ಹಬ್ಬಕ್ಕೇ ಇರಲಿ.

ಮರುಪ್ರಶ್ನೆ: ಜೂನ್ 21ಕ್ಕೆ ‘ಬೇಸಿಗೆಯ ಅಯನ’ ಎನ್ನುವುದು?

ಉತ್ತರ: ಬೇಡ. ಬೇಸಿಗೆ ಬೇಯುವ ಕಾಲ. ಜೂನ್ 21ಕ್ಕೆ ಮಲೆನಾಡಿನಲ್ಲಿ ಮಳೆ ಹಿಡಿದಿರುತ್ತದೆ. ಮೆಲ್ಬರ್ನ್, ಸಿಡ್ನಿಯ ಕನ್ನಡಿಗರಿಗೆ ಅದು ಚಳಿಗಾಲ. ‘ಜೂನ್ ಅಯನ’ ಎಂದರೆ ಎಲ್ಲರಿಗೂ ಹೊಂದುತ್ತದೆ.

‘ಸೂರ್ಯ ನೆತ್ತಿಗೆ ಬಂದ’ ಎಂಬ ಮಾತನ್ನೂ ಇದೇ ಪಾಠದಲ್ಲಿ ಎಚ್ಚರದಿಂದ ಬಳಸಬೇಕು. ಮಾತಿಗೆ ಅದು ದಿನದಿನದ ಮಧ್ಯಾಹ್ನ. ಲೆಕ್ಕಕ್ಕೆ ಬೆಂಗಳೂರಿನಲ್ಲಿ ವರ್ಷಕ್ಕೆ ಎರಡೇ ದಿನ, ಏಪ್ರಿಲ್ 24 ಮತ್ತು ಆಗಸ್ಟ್ 18ರ ಸುಮಾರು. ಬೀದರಿನಲ್ಲಿ ಮೊದಲನೆಯದು ಮೇ ಎರಡನೇ ವಾರಕ್ಕೆ ಬರುತ್ತದೆ. ಒಂದು ಮೀಟರ್ ಕೋಲನ್ನು, ದಾರಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟು ನೆಟ್ಟಗಿದೆಯೇ ಎಂದು ನೋಡಿ ನಿಲ್ಲಿಸಿದರೆ, ಬೆಂಗಳೂರಿನ ನಡುಹಗಲಲ್ಲಿ ಡಿಸೆಂಬರ್ 22ಕ್ಕೆ ನೆರಳು ಉತ್ತರಕ್ಕೆ ಸುಮಾರು 74 ಸೆಂಟಿಮೀಟರ್ ಬೀಳುತ್ತದೆ. ವಿಷುವದಂದು ಅದು 23ಕ್ಕೆ ಇಳಿಯುತ್ತದೆ. ಜೂನ್ 21ಕ್ಕೆ ನೆರಳು ದಿಕ್ಕು ಬದಲಿಸಿ ದಕ್ಷಿಣಕ್ಕೆ 18 ಸೆಂಟಿಮೀಟರ್‌ನಷ್ಟು ಬೀಳುತ್ತದೆ, ಮೋಡ ಬಿಡುವು ಕೊಟ್ಟರೆ. ಗಡಿಯಾರದ 12 ಗಂಟೆಗೆ ಅಳೆದರೆ ಅಂಕಿ ತಪ್ಪುತ್ತದೆ: ಏಪ್ರಿಲ್ 24ರಂದು ಬೆಂಗಳೂರಿನ ನಿಜವಾದ ನಡುಹಗಲು 12 ಗಂಟೆ 17 ನಿಮಿಷದ ಸುಮಾರಿಗೆ, ಆಗಸ್ಟ್ 18ರಂದು 12 ಗಂಟೆ 23 ನಿಮಿಷದ ಸುಮಾರಿಗೆ.