ಶನಿವಾರದ ಕಾನೂನು ಪ್ರಶ್ನೋತ್ತರ: ಅಗ್ಗದ ದೊಡ್ಡ ಮಳಿಗೆ, ಅಲ್ಲಿಯ ಪಗಾರ, ನಮ್ಮ ಬಿಲ್ಲು

ನಿರ್ವಾಹಕ: ನಮ್ಮ ಮೊಬೈಲ್ ಗುಂಪಿನಲ್ಲಿ ಈ ವಾರದ ವಿಷಯ ರಿಯಾಯಿತಿ ದರದ ದೊಡ್ಡ ಮಳಿಗೆಗಳು. ಅಲ್ಲಿ ಕೊಳ್ಳುವವರು, ಅಲ್ಲಿ ದುಡಿಯುವವರು, ಅವುಗಳ ಎದುರು ಅಂಗಡಿ ಇಟ್ಟುಕೊಂಡವರು ಯಾರು ಬೇಕಾದರೂ ಕೇಳಬಹುದು. ಉತ್ತರಿಸುವವರು ಶಿರಸಿಯಲ್ಲಿ ಕಾರ್ಮಿಕ ಮತ್ತು ಗ್ರಾಹಕ ವ್ಯಾಜ್ಯಗಳನ್ನು ನಡೆಸುವ ನಮ್ಮ ವಕೀಲರು. ಯಾವ ಮಳಿಗೆಯ ಹೆಸರನ್ನೂ ಬರೆಯಬೇಡಿ.

ಹೆಗಡೆ, ಶಿರಸಿ: ವಕೀಲರಿಗೆ ನಮಸ್ಕಾರ. ಸಾಮಾನಿನ ಲೆಕ್ಕ ಮುಗಿದ ಮೇಲೆ ಚೀಲಕ್ಕೆಂದು ಹತ್ತು ರೂಪಾಯಿ ಸೇರಿಸಿದರು. ಚೀಲದ ಮೇಲೆ ಅವರದೇ ಜಾಹೀರಾತು ಇದೆ. ಇದು ಸರಿಯೇ?

ವಕೀಲರು: ನಮಸ್ಕಾರ ಹೆಗಡೆಯವರೇ. ಸರಿಯಲ್ಲ. ಮೊದಲೇ ತಿಳಿಸದೆ, ಹಣ ಕೊಡುವ ಹೊತ್ತಿಗೆ ಚೀಲದ ಬೆಲೆ ಸೇರಿಸುವುದು ಅನುಚಿತ ವ್ಯಾಪಾರ ಪದ್ಧತಿ ಎಂದು ರಾಷ್ಟ್ರೀಯ ಗ್ರಾಹಕ ಆಯೋಗ 2020ರ ಡಿಸೆಂಬರಿನಲ್ಲೇ ಹೇಳಿದೆ. ಬಿಲ್ಲನ್ನು ಜೋಪಾನವಾಗಿಡಿ. ಮೊದಲು 1915 ಸಹಾಯವಾಣಿಗೆ ದೂರು ಕೊಡಿ. ಅಲ್ಲಿ ಬಗೆಹರಿಯದಿದ್ದರೆ ಕಾರವಾರದ ಜಿಲ್ಲಾ ಗ್ರಾಹಕ ಆಯೋಗವಿದೆ. ಐದು ಲಕ್ಷ ರೂಪಾಯಿವರೆಗಿನ ದೂರಿಗೆ ಶುಲ್ಕವಿಲ್ಲ.

ನಾಯ್ಕ, ಹೊನ್ನಾವರ: ಮೇಡಂ, ನಾನು ಶಾಲೆಯಲ್ಲಿ ಬಿಸಿಯೂಟ ಮಾಡುವವಳು. ತಿಂಗಳಿಗೊಮ್ಮೆ ಅಕ್ಕಪಕ್ಕದವರು ಸೇರಿ ದೊಡ್ಡ ಮಳಿಗೆಗೆ ಹೋಗುತ್ತೇವೆ. ಎಣ್ಣೆ, ಬೇಳೆ, ಸಾಬೂನು ಎಲ್ಲದಕ್ಕೂ ಮುದ್ರಿತ ಬೆಲೆಗಿಂತ ಇಷ್ಟು ಕಡಿಮೆ ಎಂದು ಬಿಲ್ಲಿನ ಕೊನೆಯಲ್ಲಿ ಬರುತ್ತದೆ. ಅಷ್ಟೂ ನಿಜವಾದ ಉಳಿತಾಯವೇ?

ವಕೀಲರು: ಒಳ್ಳೆಯ ಪ್ರಶ್ನೆ. ಎಂಆರ್‌ಪಿ ಎಂಬುದು ಗರಿಷ್ಠ ಬೆಲೆ. ಅದಕ್ಕಿಂತ ಹೆಚ್ಚು ಕೇಳುವಂತಿಲ್ಲ ಎಂಬುದಷ್ಟೇ ಅದರ ಅರ್ಥ. ಅದು ಊರಿನಲ್ಲಿ ನಡೆಯುವ ದರವಲ್ಲ. ಹೀಗಾಗಿ ಎಂಆರ್‌ಪಿಯಿಂದ ಕಳೆದು ತೋರಿಸುವ ಉಳಿತಾಯವನ್ನು ನಂಬಿ ಕೂರಬೇಡಿ. ಪೊಟ್ಟಣದ ಮೇಲೆ ಗ್ರಾಂಗೆ ಅಥವಾ ಮಿಲಿಲೀಟರಿಗೆ ಎಷ್ಟು ಬೆಲೆ ಎಂದು ಮುದ್ರಿಸುವ ನಿಯಮವಿದೆ. ಮಳಿಗೆಯ ರಿಯಾಯಿತಿಯನ್ನು ಕಳೆದು ಅದೇ ಲೆಕ್ಕವನ್ನು ನೀವೂ ಮಾಡಿ, ಮನೆ ಹತ್ತಿರದ ಅಂಗಡಿಯ ಚಿಲ್ಲರೆ ದರದ ಪಕ್ಕದಲ್ಲಿಟ್ಟು ನೋಡಿ. ಕೆಲವು ಸಾಮಾನುಗಳಲ್ಲಿ ನಿಜವಾಗಿಯೂ ಉಳಿಯುತ್ತದೆ. ಕೆಲವುದರಲ್ಲಿ ಬೇಡದ ಎರಡನೆಯ ಪೊಟ್ಟಣ ಮನೆಗೆ ಬರುತ್ತದೆ. ಹೋಗಿಬರುವ ಬಸ್ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಿರಿ. ಕಪಾಟಿನ ಚೀಟಿಯಲ್ಲಿ ಒಂದು ದರ, ಬಿಲ್ಲಿನಲ್ಲಿ ಇನ್ನೊಂದು ದರ ಬಂದರೆ ಬಾಗಿಲು ದಾಟುವ ಮೊದಲೇ ಕೇಳಿ.

ಭಟ್ಟ, ಸಿದ್ದಾಪುರ: ಎಲ್ಲರೂ ಓದಲೇಬೇಕಾದ ಸಂದೇಶ, ಫಾರ್ವರ್ಡ್ ಆಗಿ ಬಂದದ್ದು. ಮಳಿಗೆಯವರು ಬಿಲ್ಲು ಕೊಡದಿದ್ದರೆ ಸಾಮಾನು ಉಚಿತ, ಹಣ ಕೊಡಬೇಕಿಲ್ಲ. ಹೆಚ್ಚು ದರ ಹಾಕಿದರೆ ಸ್ಥಳದಲ್ಲೇ 420ನೇ ಕಲಮಿನಡಿ ಪೊಲೀಸರನ್ನು ಕರೆಸಿ, 24 ಗಂಟೆಯಲ್ಲಿ ಹಣ ಮರಳುತ್ತದೆ.

ವಕೀಲರು: ಭಟ್ಟರೇ, ದಯವಿಟ್ಟು ಇದನ್ನು ತೆಗೆದುಹಾಕಿ. ಬಿಲ್ಲಿಲ್ಲದಿದ್ದರೆ ಹಣವಿಲ್ಲ ಎಂಬುದು ರೈಲ್ವೆಯವರು ತಮ್ಮ ತಿಂಡಿ ಮಾರಾಟಗಾರರಿಗೆ ಹಾಕಿದ ನಿಯಮ. ಅದನ್ನು ನಂಬಿ ಮಳಿಗೆಯಿಂದ ಹಣ ಕೊಡದೆ ಸಾಮಾನು ಹೊತ್ತು ಹೊರಟರೆ ಕಳ್ಳತನದ ಆರೋಪ ನಿಮ್ಮ ತಲೆಗೆ ಬರುತ್ತದೆ. ಇನ್ನು 420ನೇ ಕಲಮಿದ್ದ ದಂಡ ಸಂಹಿತೆಯ ಜಾಗಕ್ಕೆ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ವಂಚನೆ ಈಗ 318ನೇ ಕಲಮು. ದರದ ತಕರಾರೆಲ್ಲವೂ ವಂಚನೆಯಾಗುವುದೂ ಇಲ್ಲ.

ಭಟ್ಟ, ಸಿದ್ದಾಪುರ: ಒಳ್ಳೆಯ ಉದ್ದೇಶದಿಂದ ಹಾಕಿದ್ದೆ.

ಶಾನಭಾಗ, ಅಂಕೋಲಾ: ವಕೀಲರೇ, ನನ್ನದು ತಂದೆಯ ಕಾಲದ ಕಿರಾಣಿ ಅಂಗಡಿ. ಕಂಪನಿಯ ವಿತರಕ ನನಗೆ ಯಾವ ದರಕ್ಕೆ ಸೋಪು ಹಾಕುತ್ತಾನೋ ಅದಕ್ಕಿಂತ ಕಡಿಮೆಗೆ ದೊಡ್ಡ ಮಳಿಗೆ ಗಿರಾಕಿಗೇ ಮಾರುತ್ತದೆ. ಇದೇ ದರಭೇದದ ವಿಚಾರಕ್ಕೆ 2021ರ ಕೊನೆಯಲ್ಲಿ ದೇಶದ ವಿತರಕರ ಒಕ್ಕೂಟವೇ ಕಂಪನಿಗಳ ವಿರುದ್ಧ ಅಸಹಕಾರ ಸಾರಿತ್ತು. ಇದನ್ನು ತಡೆಯಲು ಕಾನೂನು ಇದೆಯೇ?

ತಾಯಿ, ಕಾರವಾರ ತಾಲೂಕು: ಹೆಸರು ಹಾಕುತ್ತಿಲ್ಲ, ಕ್ಷಮಿಸಿ. ನನ್ನ ಮಗಳು ಪಿಯುಸಿ ಮುಗಿಸಿ ಒಂದು ದೊಡ್ಡ ರಿಯಾಯಿತಿ ಮಳಿಗೆಯಲ್ಲಿ ಕೆಲಸಕ್ಕೆ ಸೇರಿದಳು. ಪಗಾರ ಕೊಡುವುದು ಬೇರೆ ಊರಿನ ಏಜೆನ್ಸಿ. ಸ್ಟಾಕ್ ಎಣಿಸುವಾಗ ಅವಳ ವಿಭಾಗದಲ್ಲಿ ಸಾಮಾನು ಕಡಿಮೆ ಬಿದ್ದಿದೆಯಂತೆ. ಆ ಮೊತ್ತವನ್ನು ಆರು ಹುಡುಗಿಯರಿಗೆ ಹಂಚಿ, ತಿಂಗಳಿಗೆ ಎರಡು ಸಾವಿರ ಕಡಿಯುತ್ತಿದ್ದಾರೆ. ಈಗ ಇಂಗ್ಲಿಷಿನಲ್ಲಿ ಬರೆದ ಒಂದು ಕಾಗದ ಕೊಟ್ಟು, ಸೋಮವಾರ ಸಹಿ ಮಾಡಿ ತಾ, ಇಲ್ಲದಿದ್ದರೆ ಬರಬೇಡ ಎಂದಿದ್ದಾರೆ. ದಿನವಿಡೀ ನಿಂತೇ ಇರಬೇಕು, ಕಾಲು ಬಾತು ಬರುತ್ತಾಳೆ. ಸಹಿ ಮಾಡಲು ಹೇಳಲೇ? ಕೆಲಸ ಹೋದರೆ ಮನೆ ನಡೆಯುವುದು ಕಷ್ಟ.

ವಕೀಲರು: ಅಮ್ಮ, ಮೊದಲ ಮಾತು: ಸಹಿ ಬೇಡ. ಸೋಮವಾರವೂ ಬೇಡ, ಆಮೇಲೂ ಬೇಡ. ಆ ಕಾಗದದಲ್ಲಿ ಏನಿದೆ ಎಂದು ಕನ್ನಡದಲ್ಲಿ ಓದಿ ತಿಳಿಯುವವರೆಗೆ ಪೆನ್ನು ಮುಟ್ಟಬಾರದು. ಇಂಥ ಕಾಗದಗಳಲ್ಲಿ ಸಾಮಾನು ನಾನೇ ತೆಗೆದೆ ಎಂಬ ಒಪ್ಪಿಗೆ ಅಡಗಿರಬಹುದು. ಒಮ್ಮೆ ಸಹಿ ಬಿದ್ದರೆ ಕಡಿತಕ್ಕೂ ಅದೇ ಆಧಾರ, ಕೆಲಸದಿಂದ ತೆಗೆಯಲಿಕ್ಕೂ ಅದೇ ಆಧಾರ, ನಾಳೆ ಪೊಲೀಸ್ ದೂರಿಗೂ ಅದೇ ಆಧಾರ. ಎರಡು ಸಾವಿರ ರೂಪಾಯಿಗಿಂತ ನನಗೆ ಭಯ ಇರುವುದು ಈ ಕಾಗದದ್ದು.

ಕಡಿತದ ವಿಚಾರ. ನಷ್ಟಕ್ಕೆಂದು ಪಗಾರ ಕಡಿಯಲು ಕಾನೂನು ಕಟ್ಟುನಿಟ್ಟಾದ ಷರತ್ತು ಹಾಕಿದೆ. 1936ರ ವೇತನ ಪಾವತಿ ಕಾಯ್ದೆಯಲ್ಲೂ ಅದಿತ್ತು, 2019ರ ವೇತನ ಸಂಹಿತೆಯಲ್ಲೂ ಇದೆ. ಆ ಸಾಮಾನನ್ನು ನಿರ್ದಿಷ್ಟವಾಗಿ ಅವಳ ವಶಕ್ಕೆ ಒಪ್ಪಿಸಿರಬೇಕು. ನಷ್ಟ ನೇರವಾಗಿ ಅವಳ ಅಲಕ್ಷ್ಯದಿಂದ ಆಗಿರಬೇಕು. ಕಡಿಯುವ ಮೊದಲು ಅವಳ ಮಾತು ಕೇಳಿರಬೇಕು. ದಿನಕ್ಕೆ ನೂರಾರು ಜನ ಕೈಹಾಕುವ ತೆರೆದ ಕಪಾಟಿನ ಸಾಮಾನು ಒಬ್ಬ ಹುಡುಗಿಯ ವಶದಲ್ಲಿ ಇತ್ತೆಂದು ಹೇಗೆ ಹೇಳುತ್ತಾರೆ? ಕೊರತೆಯನ್ನು ಆರು ತಲೆಗೆ ಭಾಗಿಸಿದ್ದೇ, ತಪ್ಪು ಯಾರದೆಂದು ಅವರಿಗೂ ಗೊತ್ತಿಲ್ಲ ಎಂಬುದಕ್ಕೆ ಸಾಕ್ಷಿ. ಗಿರಾಕಿ ಕದ್ದದ್ದು, ಇಲಿ ತಿಂದದ್ದು, ಗೋದಾಮಿನಿಂದಲೇ ಕಡಿಮೆ ಬಂದದ್ದು ಎಲ್ಲವೂ ಆ ಲೆಕ್ಕದೊಳಗೆ ಸೇರಿರಬಹುದು. ಅದು ವ್ಯಾಪಾರದ ಖರ್ಚು. ಅದನ್ನು ಹುಡುಗಿಯರ ಪಗಾರದಿಂದ ತುಂಬಿಕೊಂಡರೆ, ಮಳಿಗೆಯ ಅಗ್ಗದ ದರದ ಒಂದು ಪಾಲನ್ನು ಈ ಮಕ್ಕಳೇ ತೆತ್ತಂತೆ.

ಏಜೆನ್ಸಿಯ ಹೆಸರು ಹೇಳಿ ಮಳಿಗೆಯವರು ಕೈ ತೊಳೆದುಕೊಳ್ಳುವಂತಿಲ್ಲ. ಗುತ್ತಿಗೆದಾರ ಕೂಲಿ ಬಾಕಿ ಉಳಿಸಿದರೆ ಮೂಲ ಮಾಲೀಕನೇ ಕೊಡಬೇಕು. ಪಗಾರದ ಚೀಟಿ ತೆಗೆದು ನೋಡಿ. ಕೆಲಸಗಾರರ ಆರೋಗ್ಯ ವಿಮೆಯಾದ ಇಎಸ್‌ಐಗೆ ಅವಳ ಪಾಲು ಶೇ. 0.75, ಮಾಲೀಕರದು ಶೇ. 3.25. ಪಗಾರ 21,000 ರೂಪಾಯಿ ಒಳಗಿದ್ದರೆ ಅವಳು ಅದರ ವ್ಯಾಪ್ತಿಗೆ ಬರುತ್ತಾಳೆ. ಕಾಲಿನ ಊತವನ್ನು ಇಎಸ್‌ಐ ವೈದ್ಯರಿಗೆ ತೋರಿಸಿ ಚೀಟಿ ಪಡೆಯಿರಿ, ಅದೂ ದಾಖಲೆ. ಪಿಎಫ್ ನಿಜವಾಗಿ ಜಮಾ ಆಗಿದೆಯೇ ಎಂದು ಪಾಸ್‌ಬುಕ್ಕಿನಲ್ಲಿ ನೋಡಿ. ರಾಜ್ಯದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ 1961ರದು. ಅದರ ಪ್ರಕಾರ ದಿನಕ್ಕೆ ಒಂಬತ್ತು ಗಂಟೆ, ವಾರಕ್ಕೆ 48 ಗಂಟೆ ಕೆಲಸ, ವಾರಕ್ಕೊಂದು ಸೂಟಿ. ಹೆಚ್ಚಿನ ದುಡಿಮೆಗೆ ಇಮ್ಮಡಿ ಕೂಲಿ. ಸ್ಟಾಕ್ ಎಣಿಸಿದ ರಾತ್ರಿಗಳ ಕೂಲಿ ಬಂದಿದೆಯೇ ಕೇಳಿ.

ಕುಳಿತುಕೊಳ್ಳುವ ವಿಚಾರ: ಕೋಳಿಕ್ಕೋಡಿನ ಬಟ್ಟೆ ಅಂಗಡಿಗಳಲ್ಲಿ ದುಡಿಯುವ ಹೆಣ್ಣುಮಕ್ಕಳು ವರ್ಷಗಟ್ಟಲೆ ಹೋರಾಡಿ, 2018ರಲ್ಲಿ ಕೇರಳ ಅಂಗಡಿ ಕೆಲಸಗಾರರಿಗೆ ಆಸನ ಕಡ್ಡಾಯ ಮಾಡುವಂತೆ ಮಾಡಿದರು. 2021ರಲ್ಲಿ ತಮಿಳುನಾಡು ಅದೇ ದಾರಿ ಹಿಡಿಯಿತು. ಇಲ್ಲಿಯೂ ಗಟ್ಟಿಯಾಗಿ ಕೇಳಬೇಕಾದ ಹಕ್ಕು ಇದು.

ಶಾನಭಾಗ, ಅಂಕೋಲಾ: ನೋಡಿದಿರಾ? ಹತ್ತು ರೂಪಾಯಿ ಉಳಿಸಲು ಹೋಗುವವರು ಇದನ್ನು ಓದಬೇಕು. 2019ರ ಆಗಸ್ಟಿನಲ್ಲಿ ಗಂಗಾವಳಿ ಉಕ್ಕಿ ಮನೆಗಳಿಗೆ ನೀರು ನುಗ್ಗಿದಾಗ ಉದ್ರಿ ಕೊಟ್ಟವರು ನಾವು. ಆಗ ಯಾವ ದೊಡ್ಡ ಮಳಿಗೆ ಬಂದಿತ್ತು?

ನಾಯ್ಕ, ಹೊನ್ನಾವರ: ಶಾನಭಾಗರೇ, ಉದ್ರಿ ಕೊಟ್ಟದ್ದಕ್ಕೆ ಋಣವಿದೆ. ಆದರೆ ಉದ್ರಿಯ ಗಿರಾಕಿ ದರ ಕೇಳುವಂತಿರಲಿಲ್ಲ ಎಂಬುದೂ ನಿಜ. ಪುಸ್ತಕದಲ್ಲಿ ಬರೆದಷ್ಟು ಕೊಡಬೇಕು. ನನ್ನಂಥವಳ ಗೌರವಧನದಲ್ಲಿ ಎಣ್ಣೆಯ ಮೇಲೆ ಉಳಿಯುವ ಹಣ ಮಗನ ಬಸ್ ಪಾಸಿಗೆ ಆಗುತ್ತದೆ. ಅದನ್ನು ಹತ್ತು ರೂಪಾಯಿ ಎಂದು ಹಗುರ ಮಾಡಬೇಡಿ.

ಗೌಡ, ಅಂಕೋಲಾ: ನಾನು ಹನ್ನೊಂದು ವರ್ಷ ಕಿರಾಣಿ ಅಂಗಡಿಯಲ್ಲಿ ಚೀಲ ಹೊತ್ತವನು. ಶಟರ್ ಎತ್ತುವಾಗ ಹೋದರೆ ಇಳಿಸುವಾಗ ಮನೆಗೆ. ವಾರದ ಸೂಟಿ ಇರಲಿಲ್ಲ, ಪಿಎಫ್ ಎಂಬ ಹೆಸರೂ ಕೇಳಿರಲಿಲ್ಲ. ದೊಡ್ಡ ಮಳಿಗೆಯವರು ಕೆಟ್ಟವರು, ನಾವು ದೇವರು ಎಂಬ ಮಾತು ಬೇಡ.

ಶಾನಭಾಗ, ಅಂಕೋಲಾ: ಯಾರ ಅಂಗಡಿಯಲ್ಲಿ ಎಂದು ಹೇಳಿ ಮಾತಾಡಿ. ಎಲ್ಲರನ್ನೂ ಸೇರಿಸಬೇಡಿ.

ವಕೀಲರು: 1961ರ ಕಾಯ್ದೆ ಒಬ್ಬನೇ ಆಳಿರುವ ಅಂಗಡಿಗೂ ಅನ್ವಯಿಸುತ್ತದೆ. ವಾರದ ಸೂಟಿ ಕೊಡದ ಕಿರಾಣಿಯೂ ಕಾನೂನು ಮುರಿದಂತೆಯೇ. ಆದರೆ ಇಎಸ್‌ಐಗೆ ಹತ್ತು ಜನ ಬೇಕು, ಪಿಎಫ್‌ಗೆ ಇಪ್ಪತ್ತು, ಕೆಲಸ ಬಿಡುವಾಗ ಸಿಗುವ ಗ್ರಾಚ್ಯುಟಿಗೆ ಹತ್ತು. ಸಣ್ಣ ಅಂಗಡಿಯ ಆಳು ಇವೆಲ್ಲದರ ಹೊರಗೆ ಉಳಿಯುತ್ತಾನೆ. ಗೌಡರ ನೋವು ನಿಜವಾದದ್ದು.

ಉಪನ್ಯಾಸಕ, ಕಾರವಾರ: ಅರ್ಥಶಾಸ್ತ್ರ ಕಲಿಸುವವನಾಗಿ ಒಂದು ಮಾತು. 1962ರಲ್ಲಿ ಅರ್ಕಾನ್ಸಾಸಿನ ರೋಜರ್ಸ್ ಎಂಬ ಸಣ್ಣ ಊರಿನಲ್ಲಿ ಆರಂಭವಾದ ವಾಲ್‌ಮಾರ್ಟ್ ಬಗ್ಗೆ ಅಮೆರಿಕದಲ್ಲಿ ದಶಕಗಳ ಅಧ್ಯಯನವಿದೆ. ಎಮೆಕ್ ಬಾಸ್ಕರ್ 2005ರಲ್ಲಿ ಕಂಡದ್ದು: ಮಳಿಗೆ ಬಂದ ವರ್ಷ ಆ ಕೌಂಟಿಯಲ್ಲಿ (ನಮ್ಮ ಜಿಲ್ಲೆಯಂಥದ್ದು) ಸುಮಾರು ನೂರು ಚಿಲ್ಲರೆ ಉದ್ಯೋಗ ಹೆಚ್ಚುತ್ತವೆ, ಐದು ವರ್ಷಗಳಲ್ಲಿ ಅದರ ಅರ್ಧ ಕರಗುತ್ತದೆ. ಡೇವಿಡ್ ನ್ಯೂಮಾರ್ಕ್ ಮತ್ತು ಜೊತೆಗಾರರು 2008ರಲ್ಲಿ ಕಂಡದ್ದು ಇದಕ್ಕೆ ತದ್ವಿರುದ್ಧ: ಅಲ್ಲಿ ಸೇರುವ ಒಬ್ಬೊಬ್ಬ ಕೆಲಸಗಾರನಿಗೆ ಪ್ರತಿಯಾಗಿ ಆ ಪ್ರದೇಶದಲ್ಲಿ ಸರಾಸರಿ 1.4 ಚಿಲ್ಲರೆ ಉದ್ಯೋಗ ಹೋಗುತ್ತದೆ. ಬೆಲೆ ಇಳಿಯುವುದಂತೂ ಖಚಿತ. ಶಾಂಪೂ, ಟೂತ್‌ಪೇಸ್ಟ್, ಬಟ್ಟೆ ಪುಡಿಯಂಥವುಗಳ ದರ ಊರಿನಲ್ಲೇ ಶೇ. 1.5ರಿಂದ 3ರಷ್ಟು ಬೇಗನೆ ಇಳಿಯಿತು, ಮುಂದೆ ಇನ್ನೂ ಇಳಿಯಿತು ಎಂಬುದೂ ಬಾಸ್ಕರ್ ಅವರದೇ ಅಧ್ಯಯನ. ಅತ್ತ 2020ರಲ್ಲಿ ಅಲ್ಲಿಯ ಸರ್ಕಾರಿ ಲೆಕ್ಕಪರಿಶೋಧನಾ ಸಂಸ್ಥೆ ಕೆಲವು ರಾಜ್ಯಗಳನ್ನು ಪರಿಶೀಲಿಸಿತು. ಸರ್ಕಾರದ ಆಹಾರ ನೆರವು ಪಡೆಯುವ ಉದ್ಯೋಗಸ್ಥರು ಹೆಚ್ಚಾಗಿ ದುಡಿಯುವ ಕಂಪನಿಗಳ ಮೇಲಿನ ಸಾಲಿನಲ್ಲಿ ವಾಲ್‌ಮಾರ್ಟ್ ಇತ್ತು.

ಹೆಗಡೆ, ಶಿರಸಿ: ಅಮೆರಿಕದ ಕತೆ ನಮಗೇಕೆ? ಇಲ್ಲಿ ಅಡಕೆ ದರ ಇಳಿದರೆ ಯಾವ ಅಂಗಡಿಯೂ ನಡೆಯುವುದಿಲ್ಲ.

ಉಪನ್ಯಾಸಕ, ಕಾರವಾರ: ಅದೇ ಕಂಪನಿ 2018ರಲ್ಲಿ 1,600 ಕೋಟಿ ಡಾಲರಿಗೆ ನಮ್ಮ ಫ್ಲಿಪ್‌ಕಾರ್ಟಿನ ಶೇ. 77ರಷ್ಟು ಪಾಲು ಕೊಂಡಿತು. ಆದ್ದರಿಂದ ಬೇಕು.

ಹೆಗಡೆ, ಶಿರಸಿ: ನಿಮ್ಮ ಪಾಠವನ್ನು ತರಗತಿಯಲ್ಲಿ ಮಾಡಿ. ಇಲ್ಲಿ ಜನ ಕಷ್ಟ ಹೇಳುತ್ತಿದ್ದಾರೆ.

ಗೃಹೋದ್ಯಮ, ಯಲ್ಲಾಪುರ: ಮೇಡಂ, ನಾವು ಅಪ್ಪೆಮಿಡಿ ಉಪ್ಪಿನಕಾಯಿ ಮತ್ತು ಹಲಸಿನ ಹಪ್ಪಳ ಮಾಡುತ್ತೇವೆ. ಮಳಿಗೆಯವರು ಸರಕು ಒಯ್ದು ನಾಲ್ಕು ತಿಂಗಳಾದರೂ ಹಣ ಕೊಟ್ಟಿಲ್ಲ. ಕೇಳಿದರೆ ಇನ್ನಷ್ಟು ರಿಯಾಯಿತಿ ಕೊಡಿ ಎನ್ನುತ್ತಾರೆ.

ವಕೀಲರು: ಸಣ್ಣ ಉದ್ಯಮಗಳಿಗೆ ಸರ್ಕಾರ ಮಾಡುವ ಉದ್ಯಮ್ ನೋಂದಣಿ ಆಗಿದೆಯೇ? ಸರಕು ಕೊಡುವ ಮೊದಲೇ ಆಗಿದ್ದರೆ 2006ರ ಎಂಎಸ್‌ಎಂಇ ಕಾಯ್ದೆ ನಿಮ್ಮ ಪರ. ಒಪ್ಪಂದದಲ್ಲಿ ಏನೇ ಬರೆದಿದ್ದರೂ 45 ದಿನಗಳಿಗಿಂತ ಹೆಚ್ಚು ತಡ ಮಾಡುವಂತಿಲ್ಲ. ಮೀರಿದರೆ ರಿಸರ್ವ್ ಬ್ಯಾಂಕ್ ಗೊತ್ತುಪಡಿಸಿದ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಸರಕು ಮುಟ್ಟಿದ ರಸೀದಿಗಳನ್ನು ಒಟ್ಟುಮಾಡಿ.

ಪಟಗಾರ, ಕುಮಟಾ: ಚೀಲಕ್ಕೆ ಹಣ ತೆಗೆದುಕೊಳ್ಳಬಹುದೇ ಮೇಡಂ? ನನಗೆ ಏಳು ರೂಪಾಯಿ ಹಾಕಿದ್ದಾರೆ.

ವಕೀಲರು: ಮೇಲೆ ಹೆಗಡೆಯವರಿಗೆ ಬರೆದಿದ್ದೇನೆ.

ನಾಯಕ, ಭಟ್ಕಳ: ನಮ್ಮ ಕಟ್ಟಡವನ್ನು ಇಂಥ ಮಳಿಗೆಗೆ ಲೀಸ್ ಕೊಡಲು ಕೇಳುತ್ತಿದ್ದಾರೆ. ಎಷ್ಟು ವರ್ಷಕ್ಕೆ ಕೊಡುವುದು ಒಳ್ಳೆಯದು?

ಶಾನಭಾಗ, ಅಂಕೋಲಾ: ಕೊಡಿ, ಕೊಡಿ. ಊರಿನ ಅಂಗಡಿಗಳನ್ನೆಲ್ಲ ಮುಚ್ಚಿಸಿ.

ನಾಯಕ, ಭಟ್ಕಳ: ನಾನು ಕೇಳಿದ್ದು ವಕೀಲರನ್ನು.

ಭಟ್ಟ, ಸಿದ್ದಾಪುರ: ಆ ಮಗಳ ವಿಚಾರಕ್ಕೆ ಇದು ಉಪಯೋಗವಾದೀತು, ಈಗಷ್ಟೇ ಬಂದ ಸಂದೇಶ. ಕಾಗದದ ಮೇಲೆ ಸಹಿ ಮಾಡಿ ಪಕ್ಕದಲ್ಲಿ ಸಣ್ಣ ಅಡ್ಡಗೆರೆ ಎಳೆದರೆ ಆ ಸಹಿ ಕೋರ್ಟಿನಲ್ಲಿ ನಿಲ್ಲುವುದಿಲ್ಲವಂತೆ.

ವಕೀಲರು: ನಿಲ್ಲುತ್ತದೆ! ಗೆರೆ ಎಳೆದರೂ, ಚುಕ್ಕೆ ಇಟ್ಟರೂ ಸಹಿ ಸಹಿಯೇ. ಭಟ್ಟರೇ, ಒಂದು ಹುಡುಗಿಯ ಬದುಕು ಇದರ ಮೇಲೆ ನಿಂತಿದೆ. ನಿಮಗೆ ಗೊತ್ತಿಲ್ಲದ್ದನ್ನು ಇಲ್ಲಿ ಹಾಕುವುದನ್ನು ಈಗಲೇ ನಿಲ್ಲಿಸಿ. ಕೋರ್ಟಿನಲ್ಲಿ ಇದರ ಫಲ ಉಣ್ಣುವವರು ಫಾರ್ವರ್ಡ್ ಮಾಡಿದವರಲ್ಲ.

ಭಟ್ಟ, ಸಿದ್ದಾಪುರ: ಇಷ್ಟು ಗಡುಸಾಗಿ ಹೇಳಬೇಕಿರಲಿಲ್ಲ.

ಗೌಡ, ಅಂಕೋಲಾ: ಹೇಳಬೇಕಿತ್ತು.

ಶಾನಭಾಗ, ಅಂಕೋಲಾ: ನನ್ನ ಪ್ರಶ್ನೆಗೆ ಇನ್ನೂ ಉತ್ತರ ಬಂದಿಲ್ಲ. ಅಂಗಡಿಕಾರರ ಕಷ್ಟ ಯಾರಿಗೂ ಬೇಡವಾಗಿದೆ ಎಂದಾಯಿತು.

ನಿರ್ವಾಹಕ: ದಯವಿಟ್ಟು ಸಮಾಧಾನದಿಂದ ಬರೆಯಿರಿ. ಒಂಬತ್ತು ಗಂಟೆಗೆ ಗುಂಪು ಮುಚ್ಚುತ್ತೇವೆ.

ತಾಯಿ, ಕಾರವಾರ ತಾಲೂಕು: ಮೇಡಂ, ಉಳಿದ ಐವರಲ್ಲಿ ಇಬ್ಬರು ಆಗಲೇ ಸಹಿ ಮಾಡಿದ್ದಾರಂತೆ. ಮಗಳ ಬಳಿ ಕಾಗದದ ಫೋಟೊ ಇದೆ. ಇಲ್ಲಿ ಹಾಕಲೇ?

ವಕೀಲರು: ಗುಂಪಿನಲ್ಲಿ ಹಾಕಬೇಡಿ, ಹೆಸರು ಬಯಲಾಗುತ್ತದೆ. ನನ್ನ ನಂಬರಿಗೆ ಮಾತ್ರ ಕಳಿಸಿ. ಸೋಮವಾರ ಮಗಳು ಎಂದಿನ ಹೊತ್ತಿಗೇ ಕೆಲಸಕ್ಕೆ ಹೋಗಲಿ, ತಾನಾಗಿ ಬಿಟ್ಟಳು ಎನ್ನಲು ಅವಕಾಶ ಕೊಡಬಾರದು. ಒಳಗೆ ಬಿಡದಿದ್ದರೆ ಬಾಗಿಲಲ್ಲಿ ನಿಂತ ಹೊತ್ತಿನಲ್ಲೇ ಮೇಲಧಿಕಾರಿಗೆ ಮತ್ತು ಏಜೆನ್ಸಿಗೆ ಮೊಬೈಲಿನಲ್ಲಿ ಬರೆದು ಕಳಿಸಲಿ: ಕೆಲಸಕ್ಕೆ ಬಂದಿದ್ದೇನೆ, ಒಳಗೆ ಬಿಡುತ್ತಿಲ್ಲ. ಕೊರತೆಯ ಲೆಕ್ಕವನ್ನು ಕನ್ನಡದಲ್ಲಿ ಕೊಡಿ, ಓದಿ ಉತ್ತರಿಸುತ್ತೇನೆ ಎಂದೂ ಒಂದು ಸಾಲು ಸೇರಿಸಲಿ. ಅಲ್ಲಿಂದ ನೇರವಾಗಿ ಕಾರವಾರದ ಕಾರ್ಮಿಕ ಇಲಾಖೆ ಕಚೇರಿಗೆ ಲಿಖಿತ ದೂರು ಕೊಟ್ಟು, ನಕಲಿನ ಮೇಲೆ ಮುದ್ರೆ ಹಾಕಿಸಿಕೊಳ್ಳಿ. ವಕೀಲರ ಖರ್ಚಿಗೆ ಹೆದರಬೇಡಿ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಡಿ ಉಚಿತ ನೆರವು ಸಿಗುತ್ತದೆ, 15100ಕ್ಕೆ ಕರೆ ಮಾಡಿದರೂ ಸಾಕು.

ಸಹಿ ಮಾಡಿದ ಆ ಇಬ್ಬರನ್ನೂ ಜೊತೆಗೆ ಕರೆತನ್ನಿ. ಒತ್ತಾಯದಿಂದ, ಅರ್ಥವಾಗದೆ ಸಹಿ ಮಾಡಿದ್ದೇವೆ ಎಂದು ಅವರು ಇದೇ ವಾರ ಸ್ಪೀಡ್ ಪೋಸ್ಟಿನಲ್ಲಿ ಬರೆದು ಕಳಿಸಬೇಕು. ತಡವಾದಷ್ಟೂ ನಂಬುವುದು ಕಷ್ಟವಾಗುತ್ತದೆ. ಪಗಾರದ ಚೀಟಿ, ಬ್ಯಾಂಕ್ ಪಾಸ್‌ಬುಕ್, ಗುರುತಿನ ಚೀಟಿ ಇಟ್ಟುಕೊಂಡು ನಾಳೆ ಬೆಳಿಗ್ಗೆ ನನಗೆ ಕರೆ ಮಾಡಿ. ದೂರಿನ ಕರಡನ್ನು ನಾನೇ ಬರೆದುಕೊಡುತ್ತೇನೆ.